ಮಾಗಿಯ ರಾತ್ರಿ ಮುಚ್ಚಿದ ಬಾಗಿಲು

ಒಂದು ಕಾಲಕ್ಕೆ ನಮ್ಮ ಪತ್ರಿಕೆಗಳಲ್ಲಿ ‘ಸ್ಟವ್ ಸಿಡಿದು ಗೃಹಿಣಿ ಸಾವು’ ಎಂಬ ನಾಲ್ಕು ಸಾಲಿನ ಸುದ್ದಿ ಮೇಲಿಂದ ಮೇಲೆ ಬರುತ್ತಿತ್ತು. ಓದಿದವರು ಅಯ್ಯೋ ಪಾಪ ಎಂದು ಪುಟ ತಿರುಗಿಸುತ್ತಿದ್ದರು. ಅದೇ ಅಡುಗೆಮನೆಯಲ್ಲಿ ಅತ್ತೆಗೆ ಸಿಡಿಯದ ಸ್ಟವ್, ನಾದಿನಿಗೆ ಸಿಡಿಯದ ಸ್ಟವ್, ವರದಕ್ಷಿಣೆ ಬಾಕಿಯಿರುವ ಸೊಸೆಗೆ ಮಾತ್ರ ಏಕೆ ಸಿಡಿಯುತ್ತದೆ ಎಂದು ಮಹಿಳಾ ಸಂಘಟನೆಗಳು ಬೀದಿಗಿಳಿದು ಕೇಳಿದವು. ಆ ಪ್ರಶ್ನೆಯ ಒತ್ತಡದಿಂದಲೇ 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498ಎ ಕಲಂ ಬಂತು, 1986ರಲ್ಲಿ 304ಬಿ ಬಂತು. ಬೆಂಕಿಯ ಹಿಂದೆ ಮನುಷ್ಯನ ಕೈಯಿದೆ ಎಂದು ಈ ಸಮಾಜ ಒಪ್ಪಿಕೊಳ್ಳಲು ಸಾವಿರಾರು ಹೆಣಗಳು ಬೇಕಾದವು.

ಚಳಿಯ ಹಿಂದೆಯೂ ಕೈಯಿದೆ ಎಂದು ಒಪ್ಪಿಕೊಳ್ಳಲು ಇನ್ನೆಷ್ಟು ಬೇಕು?

ಮಾಗಿಯ ನಡುರಾತ್ರಿ ಹೆಂಡತಿಯನ್ನು ಹೊರಗೆ ತಳ್ಳಿ, ಒಳಗಿನಿಂದ ಅಗುಳಿ ಹಾಕಿಕೊಂಡು, ಹೊದ್ದು ಮಲಗುವ ಗಂಡನನ್ನು ನಮ್ಮ ಊರುಗಳು ಅಪರಾಧಿ ಎಂದು ಎಣಿಸುವುದೇ ಇಲ್ಲ. ಮೈಮೇಲೆ ಬಾಸುಂಡೆ ಎದ್ದಿಲ್ಲ, ರಕ್ತ ಸುರಿದಿಲ್ಲ. ‘ಸಿಟ್ಟಿನಲ್ಲಿ ಹೊರಗೆ ಹಾಕಿದ್ದಾನೆ, ಬೆಳಗಾದರೆ ಕರಕೊಳ್ಳುತ್ತಾನೆ’ ಎಂದು ನೆರೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಬಾಗಿಲು ಹಾಕಿದ ಕೈ, ಹೊಡೆದ ಕೈಯಷ್ಟೇ ಹಿಂಸೆ ಮಾಡಿದೆ ಎಂಬುದು ನನ್ನ ವಾದ. ಹೊಡೆಯುವವನು ತಾನೇ ಬಡಿಯಬೇಕು. ಬಾಗಿಲು ಹಾಕಿದವನು ಆ ಕೆಲಸವನ್ನು ಚಳಿಗೆ ಒಪ್ಪಿಸಿ ನಿದ್ದೆ ಹೋಗುತ್ತಾನೆ.

ಗಾದೆಗಳ ಮರೆಯಲ್ಲಿ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಪಂಚಾಯ್ತಿಗೆ ಕೂತ ಹಿರಿಯರು ಎಷ್ಟು ಸಲ ಹೇಳಿಲ್ಲ! ಹೊರಗೆ ಹಾಕಿಸಿಕೊಂಡವಳು ಉಂಡಿಲ್ಲ. ಮಲಗಲು ಆಕೆಗೆ ಜಾಗವಿಲ್ಲ. ಹಾಗಿದ್ದರೆ ಈ ಗಾದೆಯ ಲೆಕ್ಕದಲ್ಲೇ ಆ ಜಗಳ ಮುಗಿಯುವುದು ಯಾವಾಗ? ಇನ್ನೊಂದು ಗಾದೆ, ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು.’ ತವರು ಈ ಮಾತು ಹೇಳಿ ಕೈ ತೊಳೆದುಕೊಳ್ಳುತ್ತದೆ. ಗಂಡ ಬಾಯಿಬಿಟ್ಟು ಹೇಳುವ ಮೊದಲೇ ಬಾಗಿಲು ಹಾಕಿ ತೋರಿಸುತ್ತಾನೆ. ಎರಡು ಮನೆಗಳಿಗೂ ಹೊರಗಾದವಳು ನಿಲ್ಲುವುದು ಅಂಗಳದಲ್ಲಿ, ಆಮೇಲೆ ಬಸ್ ನಿಲ್ದಾಣದಲ್ಲಿ.

ಮನೆಯಿಲ್ಲದವರು ಎಂದರೆ ನಮ್ಮ ಕಣ್ಣಿಗೆ ಬರುವುದು ಪಾದಚಾರಿ ಮಾರ್ಗದಲ್ಲಿ ಮಲಗಿದ ಯಾರೋ ಅಪರಿಚಿತರು. 2011ರ ಜನಗಣತಿ ಅಂಥವರನ್ನು ಎಣಿಸಿದಾಗ ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಜನ ಸಿಕ್ಕರು. ಆದರೆ ಗಂಡ ಬಾಗಿಲು ತೆಗೆಯುವ ತನಕ ಮನೆಯಿಲ್ಲದವಳನ್ನು ಯಾವ ಗಣತಿ ಎಣಿಸಿತು? ಗಣತಿಯ ಪುಸ್ತಕದಲ್ಲಿ ಆಕೆಗೆ ಮನೆ ಇದೆ. ಪಡಿತರ ಚೀಟಿಯಲ್ಲಿ ಆಕೆ ಮನೆಯ ಯಜಮಾನಿ. 2023ರಿಂದ ಗೃಹಲಕ್ಷ್ಮಿ ಎಂಬ ಹೆಸರಿನ ಯೋಜನೆಯೇ ಇದೆ. ಆ ಗೃಹಲಕ್ಷ್ಮಿ ರಾತ್ರಿ ಹನ್ನೆರಡಕ್ಕೆ ಉಟ್ಟ ಸೀರೆಯಲ್ಲಿ, ಕಾಲಲ್ಲಿ ಚಪ್ಪಲಿಯಿಲ್ಲದೆ, ಕಂಕುಳಲ್ಲಿ ಕೂಸು ಇಟ್ಟುಕೊಂಡು ತನ್ನದೇ ಹೊಸ್ತಿಲಿನ ಹೊರಗೆ ನಿಂತಿರುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದಲ್ಲೇ ಅದು ಎಲ್ಲಕ್ಕಿಂತ ಹೆಚ್ಚಿನ ಪ್ರಮಾಣ. ಈ 44ರಲ್ಲಿ ಎಷ್ಟು ಜನ ಒಂದು ರಾತ್ರಿಯಾದರೂ ಹೊರಗೆ ಕಳೆದಿದ್ದಾರೆ? ನಿಮ್ಮ ವಾರದ ಸಭೆಯಲ್ಲಿ ಕೇಳಿ ನೋಡಿ. ಸುಮ್ಮನಿರುವವರ ಮುಖಗಳನ್ನೂ ನೋಡಿ.

‘ನಮ್ಮಲ್ಲಿ ಅಂಥ ಚಳಿ ಎಲ್ಲಿದೆ?’

ಹೀಗೆ ಕೇಳುವವರೂ ಇದ್ದಾರೆ. ಹಿಮ ಬೀಳುವುದು ಕಾಶ್ಮೀರದಲ್ಲಿ, ಚಳಿಗೆ ಜನ ಸಾಯುವುದು ದೆಹಲಿಯಲ್ಲಿ ಎಂಬುದು ಅವರ ತಿಳಿವಳಿಕೆ. ದೆಹಲಿಯ ಚಳಿ ಘೋರವೆಂಬುದು ನಿಜ. 2019ರ ಡಿಸೆಂಬರ್ 30ರಂದು ಅಲ್ಲಿ ಹಗಲಿನ ಗರಿಷ್ಠ ಉಷ್ಣತೆಯೇ 9.4 ಡಿಗ್ರಿಯಷ್ಟಿತ್ತು. ಆದರೆ ಬೀದರ್, ವಿಜಯಪುರಗಳಲ್ಲೂ ಡಿಸೆಂಬರ್-ಜನವರಿಯ ಎಷ್ಟೋ ರಾತ್ರಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಮನುಷ್ಯ ಚಳಿಗೆ ಸಾಯಲು ನೀರು ಹೆಪ್ಪುಗಟ್ಟಬೇಕಿಲ್ಲ. ಮೈಯ ಒಳಗಿನ ಉಷ್ಣತೆ 37ರಿಂದ 35 ಡಿಗ್ರಿಗಿಂತ ಕೆಳಗೆ ಬಂದರೆ ಸಾಕು, ಅಪಾಯ ಶುರುವಾಯಿತು. ಬಟ್ಟೆ ಒದ್ದೆಯಿದ್ದು, ಗಾಳಿ ಬೀಸುತ್ತಿದ್ದು, ಹೊಟ್ಟೆ ಖಾಲಿಯಿದ್ದರೆ 10 ಡಿಗ್ರಿಯಲ್ಲೂ ಅದು ಆಗುತ್ತದೆ.

ಹಾಗಾದರೆ ಯಾರ ಮೈ ಬೇಗ ಸೋಲುತ್ತದೆ? ಕೂಸುಗಳದು, ಮುದುಕಿಯರದು, ಅರೆಹೊಟ್ಟೆಯವರದು, ರಕ್ತಹೀನತೆ ಇರುವವರದು. ಅದೇ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ರಕ್ತ ಸಾಲದು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಂಡವಳು, ಆವತ್ತು ಅದನ್ನೂ ಉಣ್ಣದೆ, ಬೆವರಿಗೋ ಮುಸುರೆಯ ನೀರಿಗೋ ಒದ್ದೆಯಾದ ಸೀರೆಯಲ್ಲೇ ಹೊರಗೆ ಬೀಳುತ್ತಾಳೆ. ಥರ್ಮಾಮೀಟರು ಎಲ್ಲರಿಗೂ ಒಂದೇ ಅಂಕಿ ತೋರಿಸಬಹುದು. ಚಳಿ ಎಲ್ಲರಿಗೂ ಒಂದೇ ಅಲ್ಲ.

ಬಾಣಂತಿಗೆ ತಣ್ಣೀರು ಮುಟ್ಟಿಸಬಾರದು, ಕಿವಿಗೆ ಗಾಳಿ ತಾಗಬಾರದು, ಮಂಚದ ಕೆಳಗೆ ಕೆಂಡ ಇಡಬೇಕು ಎಂದು ಶಾಸ್ತ್ರ ಹೇಳುವ ಮನೆಗಳಿವು. ಹೆಣ್ಣಿನ ಮೈ ಬೆಚ್ಚಗಿರಬೇಕೆಂಬುದು ಇವರಿಗೆ ಗೊತ್ತಿಲ್ಲದ ವಿಷಯವಲ್ಲ. ‘ಹೆಣ್ಣು ಹೆತ್ತಳು’ ಎಂಬ ಕಾರಣಕ್ಕೆ ಆ ಬಾಣಂತಿಯನ್ನೇ ಹೊರಗೆ ಹಾಕುವಾಗ ಆ ಶಾಸ್ತ್ರ ಎಲ್ಲಿಗೆ ಹೋಗುತ್ತದೆ? ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ, ಕಣ್ಣು ಬೇನೆಯಾಗುವವರೆಗೆ ಕೌದಿ ಹೊಲಿದವಳು ಆಕೆ. ಆ ಕೌದಿ ಒಳಗೆ ಗಂಡನ ಮೈಮೇಲಿದೆ.

ಬೆಂಕಿ ಕಾಯುವ ಜಾಗ ಯಾರದು?

ಮನೆಯಿಲ್ಲದ ಗಂಡಸು ಮತ್ತು ಮನೆಯಿಲ್ಲದ ಹೆಂಗಸು ಎದುರಿಸುವುದು ಒಂದೇ ಕಷ್ಟವಲ್ಲ. ಗಂಡಸು ಆಟೋ ನಿಲ್ದಾಣದ ಬಳಿ ಟೈರು, ಕಸ ಸುಟ್ಟು ಕೂತ ನಾಲ್ಕು ಜನರ ನಡುವೆ ಹೋಗಿ ಕೂರಬಹುದು. ಚಹಾದಂಗಡಿಯ ಒಲೆಯ ಪಕ್ಕ ಒರಗಬಹುದು. ಹೆಂಗಸು ಅಲ್ಲಿಗೆ ಹೋದರೆ? ಬೆಚ್ಚಗಿರುವ ಜಾಗ ಆಕೆಗೆ ಸುರಕ್ಷಿತವಲ್ಲ. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಬೆಂಕಿಯಿಲ್ಲ. ಈ ಎರಡರ ನಡುವೆ ಆಕೆ ಚಳಿಯನ್ನೇ ಆರಿಸಿಕೊಳ್ಳುತ್ತಾಳೆ. ನಗರಗಳಲ್ಲಿ ಬೀದಿಯಲ್ಲಿ ಬಾಳುವ ಎಷ್ಟೋ ಹೆಂಗಸರು ರಾತ್ರಿಯೆಲ್ಲ ಎಚ್ಚರವಾಗಿ ಕೂತು, ಹಗಲು ಜನರ ನಡುವೆ ಕಣ್ಣು ಮುಚ್ಚುವುದು ಇದೇ ಕಾರಣಕ್ಕೆ.

ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳು ಬೈಕಿನ ಬಾಕಿ ಹಣಕ್ಕಾಗಿ ಹೀಗೆ ಹೊರಬಿದ್ದು, ಎರಡು ಮಕ್ಕಳೊಂದಿಗೆ ತಾಲ್ಲೂಕಿನ ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆದಳು. ಬಾಳೆಹಣ್ಣಿನ ಅಂಗಡಿಯ ಹಿಂದೆ ಬಿದ್ದಿದ್ದ ಗೋಣಿಚೀಲದಲ್ಲಿ ಮಕ್ಕಳನ್ನು ಕೂರಿಸಿ, ತಾನು ಗಾಳಿಗೆ ಅಡ್ಡವಾಗಿ ಕೂತಿದ್ದಳಂತೆ. ಹತ್ತಿರದಲ್ಲೇ ಗಂಡಸರು ಬೆಂಕಿ ಕಾಯುತ್ತಿದ್ದರು. ‘ಬಾ’ ಎಂದು ಕರೆದರೂ ಹೋಗಲಿಲ್ಲ. ಬೆಳಿಗ್ಗೆ ಊರಿಗೆ ಮರಳಿದಾಗ ಅತ್ತೆಯ ಮೊದಲ ಪ್ರಶ್ನೆ, ‘ರಾತ್ರಿಯೆಲ್ಲಾ ಎಲ್ಲಿದ್ದೆ?’ ಹೊರಗೆ ಹಾಕಿದವರೇ ಕೇಳಿದ ಪ್ರಶ್ನೆ ಇದು! ಆ ರಾತ್ರಿಯನ್ನೇ ಆಕೆಯ ಶೀಲದ ಮೇಲೆ ಆರೋಪವಾಗಿ ಹೊರಿಸಿ ಮತ್ತೆ ಬಾಗಿಲು ಹಾಕಿದರು. ಚಳಿಯಲ್ಲಿ ತಳ್ಳುವುದರ ಪೂರ್ತಿ ಅರ್ಥ ಇಲ್ಲಿದೆ. ಮೊದಲು ಮೈ ನಡುಗಿಸುತ್ತಾರೆ, ಆಮೇಲೆ ಹೆಸರು ಕೆಡಿಸುತ್ತಾರೆ. ಎರಡನೆಯದರ ಹೆದರಿಕೆಯಿಂದಲೇ ಎಷ್ಟೋ ಹೆಂಗಸರು ಅಂಗಳ ಬಿಟ್ಟು ಕದಲದೆ, ದನದ ಕೊಟ್ಟಿಗೆಯಲ್ಲಿ, ಬಚ್ಚಲ ಮೂಲೆಯಲ್ಲಿ ಬೆಳಗು ಮಾಡುತ್ತಾರೆ.

ಆ ಒಂದು ರಾತ್ರಿ ಉಳಿಯುವುದು ಹೇಗೆ?

ಕಾನೂನಿನ ಮಾತಿಗೆ ಮೊದಲು ಜೀವದ ಮಾತು. ಇದನ್ನು ಸಂಘದಲ್ಲಿ ಗಟ್ಟಿಯಾಗಿ ಓದಿ.

ಒದ್ದೆ ಬಟ್ಟೆ ಮೈಯ ಕಾವನ್ನು ಹೀರುತ್ತದೆ. ಸೆರಗು ಒದ್ದೆಯಿದ್ದರೆ ಹಿಂಡಿ ಒಣ ಭಾಗವನ್ನು ಎದೆಗೆ ತನ್ನಿ. ಕೂಸಿನ ಒದ್ದೆ ಬಟ್ಟೆಯನ್ನು ತಕ್ಷಣ ತೆಗೆಯಿರಿ. ನೆಲವೂ ಕಾವು ಹೀರುತ್ತದೆ. ಮೇಲೆ ಹೊದೆಯುವುದಕ್ಕಿಂತ ಮೊದಲು ಕೆಳಗೆ ಹಾಸಿಕೊಳ್ಳಿ: ರಟ್ಟು, ಹಳೆಯ ಪತ್ರಿಕೆ, ಗೋಣಿ, ಒಣಹುಲ್ಲು, ಸಿಕ್ಕಿದ್ದು. ಪತ್ರಿಕೆಯ ಹಾಳೆಯನ್ನು ಕುಪ್ಪಸದ ಮೇಲೆ, ಸೀರೆಯ ಒಳಗೆ ಸೇರಿಸಿದರೆ ಗಾಳಿ ತಡೆಯುತ್ತದೆ. ತಲೆ, ಕಿವಿ, ಕುತ್ತಿಗೆ, ಪಾದ ಮುಚ್ಚಿ. ಗೋಡೆಗೆ ಬೆನ್ನು ಕೊಟ್ಟು, ಮಕ್ಕಳನ್ನು ನಡುವೆ ಕೂರಿಸಿಕೊಂಡು ಒತ್ತಿಕೊಂಡು ಕೂರಿ. ಎಳೆಗೂಸನ್ನು ನಿಮ್ಮ ಬರಿಮೈಗೆ ಎದೆಗೊತ್ತಿಕೊಂಡು ಮೇಲೆ ಬಟ್ಟೆ ಸುತ್ತಿ, ಆದರೆ ಮೂಗು-ಬಾಯಿ ತೆರೆದಿರಲಿ. ತಾಯಿಯ ಮೈಗಿಂತ ಒಳ್ಳೆಯ ಅಗ್ಗಿಷ್ಟಿಕೆ ಇಲ್ಲ. ಬೆಲ್ಲ, ಶೇಂಗಾ, ಒಣ ರೊಟ್ಟಿ, ಏನಿದ್ದರೂ ತಿನ್ನಿ. ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಸಂಕ್ರಾಂತಿಗೆ ಎಳ್ಳು-ಬೆಲ್ಲ ಮಾಡಿದ ಹಿರಿಯರಿಗೆ ಚಳಿಗಾಲದ ಊಟ ಗೊತ್ತಿತ್ತು. ಹೆಂಡ ಕುಡಿದರೆ ಚಳಿ ಹೋಗುತ್ತದೆಂಬುದು ಸುಳ್ಳು. ಮೈ ಬಿಸಿಯೆನಿಸಿದರೂ ಒಳಗಿನ ಕಾವು ಹೊರಗೆ ಹೋಗುತ್ತಿರುತ್ತದೆ.

ಯಾರಾದರೂ ಜಾಗ ಕೊಟ್ಟು, ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಬಾಗಿಲು ಹಾಕಿಕೊಂಡು ಮಲಗಿ ಎಂದರೆ ಮಲಗಬೇಡಿ. ಇದ್ದಿಲಿನಿಂದ ಬರುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಸುತ್ತು ಬರುವಷ್ಟರಲ್ಲಿ ಏಳುವ ಶಕ್ತಿ ಹೋಗಿರುತ್ತದೆ. ಬೆಂಕಿಯ ಹತ್ತಿರ ನೈಲಾನ್ ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಿ.

ನಡುಗುವುದು ಮೈ ಹೋರಾಡುತ್ತಿರುವ ಲಕ್ಷಣ. ಮೈ ಬೆಚ್ಚಗಾಗದೆಯೇ ನಡುಕ ನಿಂತು, ಮಾತು ತೊದಲಿ, ಬೆರಳು ಮಾತು ಕೇಳದೆ, ಮಂಪರು ಬಂದರೆ ಅದೇ ಅಪಾಯ. ಕೂಸು ಅಳುವುದನ್ನು ಬಿಟ್ಟು, ಮೊಲೆ ಚೀಪದೆ, ಹೊಟ್ಟೆ ಮುಟ್ಟಿದರೆ ತಣ್ಣಗಿದ್ದರೆ ‘ಪಾಪ, ಮಲಗಿದೆ’ ಎಂದುಕೊಳ್ಳಬೇಡಿ. 108ಕ್ಕೆ ಫೋನ್ ಮಾಡಿ. ಅಷ್ಟರಲ್ಲಿ ಕೈಕಾಲು ತಿಕ್ಕದೆ, ಎದೆ-ಬೆನ್ನನ್ನು ಬೆಚ್ಚಗೆ ಮಾಡಿ. ದೊಡ್ಡವರು ಎಚ್ಚರವಿದ್ದರೆ ಬಿಸಿ ಬೆಲ್ಲದ ನೀರು ಕೊಡಿ.

ಹೋಗುವುದಾದರೆ ಎಲ್ಲಿಗೆ? ಬೆಳಕಿರುವ, ಬೇರೆ ಹೆಂಗಸರಿರುವ ಜಾಗಕ್ಕೆ. ರಾತ್ರಿಯಿಡೀ ತೆರೆದಿರುವ ಸರ್ಕಾರಿ ಆಸ್ಪತ್ರೆ, ರೈಲು ನಿಲ್ದಾಣದ ಹೆಂಗಸರ ವಿಶ್ರಾಂತಿ ಕೋಣೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಎರಡು ಸಂಖ್ಯೆಗಳು ನಾಲಿಗೆಯ ಮೇಲಿರಬೇಕು, ಏಕೆಂದರೆ ಹೊರಗೆ ಹಾಕುವವನು ಮೊಬೈಲನ್ನು ಮೊದಲು ಕಸಿದುಕೊಳ್ಳುತ್ತಾನೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಇದು ಒಂದು ರಾತ್ರಿ ಸಾಯದೆ ಉಳಿಯುವ ಉಪಾಯ. ಹೆಣ್ಣು ರಟ್ಟು-ಗೋಣಿಯಲ್ಲಿ ಬದುಕುವುದನ್ನು ಕಲಿಯಲಿ ಎಂದು ನಾವು ಹೋರಾಡುತ್ತಿಲ್ಲ.

ಬಾಗಿಲು ಆಕೆಯದೂ ಹೌದು

‘ಮನೆ ನನ್ನ ಹೆಸರಲ್ಲಿದೆ, ನಡಿ ಆಚೆ’ ಎನ್ನುವ ಗಂಡನಿಗೆ, ‘ಮನೆ ನನ್ನದು, ಮಗನದಲ್ಲ’ ಎನ್ನುವ ಮಾವನಿಗೆ ಕಾನೂನು ಉತ್ತರ ಕೊಟ್ಟಾಗಿದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 17ನೇ ಕಲಂ ಹೇಳುವಂತೆ, ಹೆಸರು ಯಾರದೇ ಇರಲಿ, ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆ. ಆ ಮನೆಯನ್ನು ಬಳಸದಂತೆ ತಡೆಯುವುದನ್ನು 3ನೇ ಕಲಂ ಹಿಂಸೆಯ ಪಟ್ಟಿಯಲ್ಲೇ ಸೇರಿಸಿದೆ. 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮನೆ ಅತ್ತೆ-ಮಾವನ ಹೆಸರಿನಲ್ಲಿದ್ದರೂ ಅದು ಆಕೆ ಕೂಡಿ ಬಾಳಿದ ಮನೆಯಾಗಬಹುದು ಎಂದು ಸ್ಪಷ್ಟಪಡಿಸಿತು. 19ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಆಕೆಯನ್ನು ಹೊರಹಾಕದಂತೆ ಆದೇಶಿಸಬಹುದು, ಗಂಡನೇ ಹೊರಗಿರುವಂತೆ ಹೇಳಬಹುದು, ಬೇರೆ ಮನೆಗೆ ಬಾಡಿಗೆ ಕೊಡಿಸಬಹುದು, ಸ್ತ್ರೀಧನ ಹಿಂದಿರುಗಿಸಲು ಹೇಳಬಹುದು, ಪೊಲೀಸರ ನೆರವು ಕೊಡಿಸಬಹುದು. ತುರ್ತಿದ್ದರೆ ಗಂಡನ ಕಡೆಯವರು ಬರುವ ಮೊದಲೇ 23ನೇ ಕಲಮಿನಲ್ಲಿ ಮಧ್ಯಂತರ ಆದೇಶ ಕೊಡಬಹುದು.

ಜೀವಕ್ಕೆ, ಆರೋಗ್ಯಕ್ಕೆ ಅಪಾಯವಾಗುವಂತೆ ಬೇಕೆಂದೇ ನಡೆದುಕೊಳ್ಳುವುದು ಕ್ರೌರ್ಯ ಎಂಬುದು ಹಳೆಯ 498ಎಯಲ್ಲೂ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮಿನಲ್ಲೂ ಇದೆ. ಕೊರೆಯುವ ಚಳಿಯಲ್ಲಿ ಕೂಸಿನ ಸಮೇತ ಹೊರಗೆ ತಳ್ಳಿ ಅಗುಳಿ ಹಾಕುವುದು ಕ್ರೌರ್ಯವಲ್ಲದಿದ್ದರೆ ಇನ್ನಾವುದು ಕ್ರೌರ್ಯ? ವರದಕ್ಷಿಣೆ ಸಾವಿನ 80ನೇ ಕಲಂ ಕೂಡ ಸುಟ್ಟಗಾಯವನ್ನಷ್ಟೇ ಹೇಳುವುದಿಲ್ಲ. ಮದುವೆಯಾದ ಏಳು ವರ್ಷದೊಳಗೆ, ವರದಕ್ಷಿಣೆಯ ಕಿರುಕುಳದ ಹಿನ್ನೆಲೆಯಲ್ಲಿ, ಸಹಜವಲ್ಲದ ಸನ್ನಿವೇಶದಲ್ಲಿ ಆದ ಸಾವೂ ಅದರೊಳಗೆ ಬರುತ್ತದೆ. ಆದ್ದರಿಂದ ಹೊರಗೆ ಹಾಕಿಸಿಕೊಂಡ ಸೊಸೆ ‘ಜ್ವರ ಬಂದು ತೀರಿಕೊಂಡಳು’ ಎಂದು ಯಾರಾದರೂ ಹೇಳಿದರೆ, ಸ್ಟವ್ ಏಕೆ ಸಿಡಿಯಿತು ಎಂದು ಅಂದು ಕೇಳಿದ ಹಾಗೆಯೇ, ಆ ಜ್ವರ ಎಲ್ಲಿಂದ ಬಂತು ಎಂದು ಇಂದು ಕೇಳಬೇಕು.

‘ಬೆಳಿಗ್ಗೆ ಬಾಮ್ಮ’

ಕಾಗದದ ಮೇಲೆ ಎಲ್ಲವೂ ಇದೆ. ರಾತ್ರಿ ಒಂದು ಗಂಟೆಗೆ ಏನಿದೆ? ಠಾಣೆಗೆ ಹೋದವಳಿಗೆ ಸಿಗುವ ಮಾತು ‘ಬೆಳಿಗ್ಗೆ ಬಾಮ್ಮ.’ ದೂರು ತಂದವಳಿಗೆ ಆಕೆಯ ಹಕ್ಕುಗಳನ್ನು, ಸಂರಕ್ಷಣಾಧಿಕಾರಿಯ ವಿಷಯವನ್ನು, ಉಚಿತ ಕಾನೂನು ನೆರವನ್ನು ತಿಳಿಸುವುದು ಪೊಲೀಸರ ಕರ್ತವ್ಯ ಎಂದು ಅದೇ ಕಾಯ್ದೆಯ 5ನೇ ಕಲಂ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ನೀವು ಸಿಡಿಪಿಒ ಎಂದು ಕರೆಯುವವರು. ಅಂಗನವಾಡಿ, ಪೋಷಣೆ, ಸಭೆ, ವರದಿಗಳ ಹೊರೆಯ ಮೇಲೆ ಇದೂ ಒಂದು ಹೊರೆ. ಹಗಲಿನ ಕಚೇರಿಗೆ ರಾತ್ರಿಯ ಹಿಂಸೆಯನ್ನು ಒಪ್ಪಿಸಿ ಸರ್ಕಾರ ಕೈಕಟ್ಟಿ ಕೂತಿದೆ.

2015ರಲ್ಲಿ ಶುರುವಾದ ಸಖಿ ಒನ್ ಸ್ಟಾಪ್ ಸೆಂಟರ್ ಹಗಲೂ ರಾತ್ರಿ ತೆರೆದಿರಬೇಕು ಎಂಬುದು ನಿಯಮ. ಇದು ಒಳ್ಳೆಯ ಹೆಜ್ಜೆಯೇ. ಆದರೆ ಅದು ಇರುವುದು ಜಿಲ್ಲಾ ಕೇಂದ್ರದಲ್ಲಿ. ಕೊನೆಯ ಬಸ್ಸು ಹೋದ ಮೇಲೆ ಹೊರಬಿದ್ದವಳಿಗೆ ಎಪ್ಪತ್ತು ಕಿಲೋಮೀಟರ್ ದೂರದ ಹಾಸಿಗೆಯಿಂದ ಏನು ಪ್ರಯೋಜನ? ತಂಗುವ ಅವಕಾಶವೂ ಕೆಲವೇ ದಿನ. ಆಮೇಲಿನ ಆಶ್ರಯಧಾಮಗಳಲ್ಲಿ ಸ್ವಲ್ಪ ದೊಡ್ಡ ಗಂಡುಮಗನಿದ್ದರೆ ಅವನನ್ನು ಬೇರೆಡೆ ಬಿಡಬೇಕಾಗುತ್ತದೆ. ಮಗನನ್ನು ಬಿಟ್ಟಿರಲಾರದೆ ಹೊಡೆಯುವವನ ಮನೆಗೇ ಮರಳಿದ ತಾಯಂದಿರು ನಿಮಗೂ ಗೊತ್ತಿರುತ್ತಾರೆ.

ಮನೆಯಿಲ್ಲದವರಿಗಾಗಿ ಇರುವ ರಾತ್ರಿ ಆಶ್ರಯಗಳ ಕತೆ ಇನ್ನೊಂದು ಬಗೆ. 2009ರ ಡಿಸೆಂಬರಿನ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯ ತಾತ್ಕಾಲಿಕ ಆಶ್ರಯವನ್ನು ನಗರಪಾಲಿಕೆ ಕೆಡವಿತು. ಆ ವಿಷಯ ಮುಂದಿನ ತಿಂಗಳು, ಆಹಾರದ ಹಕ್ಕಿನ ಪ್ರಕರಣ ನಡೆಯುತ್ತಿದ್ದ ಸುಪ್ರೀಂ ಕೋರ್ಟಿನ ಮುಂದೆ ಬಂತು. ದೆಹಲಿಗಷ್ಟೇ ನಿಲ್ಲದೆ, ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ತೆರೆದಿರುವ ಆಶ್ರಯ ಇರಬೇಕೆಂದು ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಹೇಳಿತು. ಅದು 2010ರ ಮಾತು. ನಿಮ್ಮ ಊರಿಗೆ ಹತ್ತಿರದ ನಗರದಲ್ಲಿ ಹೆಂಗಸರಿಗೆಂದೇ ಇರುವ ಆಶ್ರಯ ಎಲ್ಲಿದೆ? ರಾತ್ರಿ ಅದರ ಬಾಗಿಲು ತಟ್ಟಿದರೆ ತೆಗೆಯುವವರು ಹೆಂಗಸೇ? ಆಧಾರ್ ಕಾರ್ಡ್ ಕೇಳುತ್ತಾರೆಯೇ? ಕೇಳಿ ಬನ್ನಿ.

ಇದರ ಬದಲು ನಮಗೆ ಸಿಗುವುದು ಕಂಬಳಿ ವಿತರಣೆ. ಜನವರಿಯಲ್ಲಿ ವೇದಿಕೆ ಹಾಕಿ, ಶಾಲು ಹೊದ್ದ ಗಣ್ಯರು ಸಾಲಾಗಿ ನಿಂತು, ಒಂದು ಕಂಬಳಿಯನ್ನು ಐದು ಜನ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಕಂಬಳಿ ಬೇಡವೆನ್ನುವ ಸೊಕ್ಕು ನನಗಿಲ್ಲ. ಆದರೆ ಕಂಬಳಿಗೆ ಚಿಲಕವಿಲ್ಲ. ಹೆಣ್ಣಿಗೆ ಹೊದಿಕೆಯಷ್ಟೇ ಸಾಲದು. ಒಳಗಿನಿಂದ ತಾನೇ ಹಾಕಿಕೊಳ್ಳಬಹುದಾದ ಒಂದು ಬಾಗಿಲು ಬೇಕು.

ಸಂಘ ಮಾಡಬಹುದಾದ್ದು

ಸಂಘದ ಅಕ್ಕತಂಗಿಯರೆ, ಸಾಲದ ಕಂತು ತಪ್ಪಿದರೆ ಸದಸ್ಯೆಯ ಮನೆ ಬಾಗಿಲಿಗೆ ಹತ್ತು ಜನ ಹೋಗಿ ನಿಲ್ಲುವ ಶಕ್ತಿ ನಮಗಿದೆ. ಆಕೆಯನ್ನು ಹೊರಗೆ ಹಾಕಿದ ರಾತ್ರಿ ಅದೇ ಹತ್ತು ಜನ ಅದೇ ಬಾಗಿಲಿಗೆ ಏಕೆ ಹೋಗಬಾರದು? ವಸೂಲಿಗೆ ಇರುವ ಒಗ್ಗಟ್ಟು ರಕ್ಷಣೆಗೆ ಇಲ್ಲವೆಂದರೆ ನಾವು ಬ್ಯಾಂಕಿನ ಬಿಟ್ಟಿ ನೌಕರರಷ್ಟೇ.

ಈ ಚಳಿಗಾಲದ ಮೊದಲೇ ಪ್ರತಿ ಸಂಘ ಮೂರು ಕೆಲಸ ಮಾಡಲಿ. ಒಂದು, ರಾತ್ರಿ ಯಾವ ಹೊತ್ತಿಗೆ ತಟ್ಟಿದರೂ ತೆರೆಯುವ ಎರಡು ಮನೆಗಳನ್ನು ಓಣಿಯಲ್ಲಿ ಗೊತ್ತುಮಾಡಿ. ಅಲ್ಲಿ ಸಂಘದ ಹಣದಿಂದ ಎರಡು ಕೌದಿ, ಒಂದಿಷ್ಟು ಬೆಲ್ಲ-ಶೇಂಗಾ, ಕೂಸಿಗೆ ಒಣ ಬಟ್ಟೆ ಇರಲಿ. ಎರಡು, ಪ್ರತಿ ಸದಸ್ಯೆಯ ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಮದುವೆಯ ಫೋಟೊಗಳ ನಕಲು ಆಕೆಯ ಒಪ್ಪಿಗೆಯೊಂದಿಗೆ ಸಂಘದ ಪೆಟ್ಟಿಗೆಯಲ್ಲಿರಲಿ. ಸರ್ಕಾರಿ ಬಸ್ಸಿನ ಉಚಿತ ಪ್ರಯಾಣಕ್ಕೂ ಗುರುತಿನ ಚೀಟಿ ತೋರಿಸಬೇಕು. ಮೂಲ ಚೀಟಿಯನ್ನು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಲು ಪ್ರತಿಯೊಬ್ಬಳಿಗೂ ಹೇಳಿ. ಮೂರು, ಯಾರನ್ನಾದರೂ ಹೊರಗೆ ಹಾಕಿದರೆ ದಿನಾಂಕ, ಹೊತ್ತು, ನೋಡಿದವರ ಹೆಸರನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿ. ನಾಳೆ ‘ಅವಳೇ ಮನೆಬಿಟ್ಟು ಓಡಿಹೋದಳು’ ಎಂದು ಗಂಡ ಕೋರ್ಟಿನಲ್ಲಿ ಹೇಳಿದಾಗ ಆ ಪುಟ ಮಾತಾಡುತ್ತದೆ. ವಕೀಲರ ಫೀಸಿಗೆ ಹೆದರಬೇಡಿ. ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಕಾನೂನು ನೆರವು ಉಚಿತ. ಅದರ ಸಂಖ್ಯೆ 15100.

ಸರ್ಕಾರದ ಮುಂದೆ ನಮ್ಮ ಬೇಡಿಕೆಗಳೂ ಸ್ಪಷ್ಟವಿರಲಿ. ಪ್ರತಿ ತಾಲ್ಲೂಕಿನಲ್ಲಿ, ಬಸ್ ನಿಲ್ದಾಣ ಅಥವಾ ಆಸ್ಪತ್ರೆಯಿಂದ ನಡೆದು ಹೋಗುವಷ್ಟು ಹತ್ತಿರ, ಹೆಂಗಸರೇ ನಡೆಸುವ, ಕಾಗದ ಕೇಳದ, ಮಕ್ಕಳನ್ನು ಬೇರ್ಪಡಿಸದ ರಾತ್ರಿ ಆಶ್ರಯ ಬೇಕು. ಬೇರೆ ಹೊರೆಯಿಲ್ಲದ ಪೂರ್ಣಾವಧಿ ಸಂರಕ್ಷಣಾಧಿಕಾರಿ ಬೇಕು. ರಾತ್ರಿ ಬಂದ ದೂರಿಗೆ ‘ಬೆಳಿಗ್ಗೆ ಬಾ’ ಎನ್ನುವ ಪೊಲೀಸರ ಮೇಲೆ ಕ್ರಮ ಬೇಕು. ಇದನ್ನು ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ನಕಲನ್ನು ತಹಶೀಲ್ದಾರರಿಗೂ ಸಿಡಿಪಿಒಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಚಳಿ ಋತುಧರ್ಮ, ಅದು ಬಂದೇ ಬರುತ್ತದೆ. ಬಾಗಿಲು ಮಾತ್ರ ತಾನಾಗಿ ಮುಚ್ಚುವುದಿಲ್ಲ. ಮುಚ್ಚಿದವರು ಯಾರೆಂದು ಇಡೀ ಓಣಿಗೆ ಗೊತ್ತಿರುತ್ತದೆ. ಆ ಹೆಸರನ್ನು ಗಟ್ಟಿಯಾಗಿ ಹೇಳುವುದರಿಂದ ನಮ್ಮ ಕೆಲಸ ಶುರುವಾಗಲಿ.